ಪಂಡಿತೆ, ಕೊಬ್ಬಿದವಳು, ಕೆಂಪಮ್ಮ

ಉತ್ತರ ಇಟಲಿಯ ಬೊಲೊನ್ಯಾ ನಗರಕ್ಕೆ ಮೂರು ಗುಣವಾಚಕಗಳು ಅಂಟಿಕೊಂಡಿವೆ: 'ಲಾ ದೊತ್ತಾ', 'ಲಾ ಗ್ರಾಸ್ಸಾ', 'ಲಾ ರೊಸ್ಸಾ'. ಎಂದರೆ ಪಂಡಿತೆ, ಕೊಬ್ಬಿದವಳು, ಕೆಂಪಮ್ಮ. ಕನ್ನಡದಲ್ಲಿ ದೊಡ್ಡ ಮಗ, ದೊಡ್ಡ ಮಗಳು, ದೊಡ್ಡ ಊರು ಎಲ್ಲಕ್ಕೂ ಒಂದೇ 'ದೊಡ್ಡ' ಸಾಕು. ಇಟಾಲಿಯನ್ನಿನಲ್ಲಿ ಹಾಗಲ್ಲ. ನಾಮಪದದ ಲಿಂಗಕ್ಕೆ ತಕ್ಕಂತೆ ಅನೇಕ ಗುಣವಾಚಕಗಳೂ ರೂಪ ಬದಲಿಸಬೇಕು. ವಿದ್ವಾಂಸ 'ದೊತ್ತೊ' ಆದರೆ ವಿದುಷಿ 'ದೊತ್ತಾ'. 'ನಗರ' ಎಂಬ ಪದ ಅಲ್ಲಿ ಸ್ತ್ರೀಲಿಂಗವಾದ್ದರಿಂದ ಬೊಲೊನ್ಯಾ ಹೆಣ್ಣಾಯಿತು.

ಪಾಂಡಿತ್ಯದ ಬಿರುದು ಬಂದದ್ದು ವಿಶ್ವವಿದ್ಯಾಲಯದಿಂದ. ಅದರ ಹುಟ್ಟು 1088ರಲ್ಲಿ ಎಂಬುದು ರೂಢಿಯ ಲೆಕ್ಕ. ಊರನ್ನು ಪಂಡಿತೆ ಎಂದು ಕರೆದವರು ನಿಜವಾದ ಪಂಡಿತೆಯೊಬ್ಬಳು ಎದುರು ನಿಂತಾಗ ಏನು ಮಾಡಿದರು? 1732ರಲ್ಲಿ ಲೌರಾ ಬಾಸ್ಸಿ ಎಂಬಾಕೆಗೆ ಪದವಿ ಕೊಟ್ಟು, ಬೋಧಕ ಹುದ್ದೆಯನ್ನೂ ಕೊಟ್ಟರು. ಯುರೋಪೇ ಬೆರಗಾಯಿತು. ಆದರೆ ಹೆಂಗಸೆಂಬ ಕಾರಣಕ್ಕೆ ಅಪ್ಪಣೆಯಿಲ್ಲದೆ ಸಾರ್ವಜನಿಕ ಉಪನ್ಯಾಸ ಕೊಡುವಂತಿರಲಿಲ್ಲ! ಆಕೆ ಮನೆಯಲ್ಲೇ ಭೌತಶಾಸ್ತ್ರ ಕಲಿಸಿದಳು. ಪ್ರಾಯೋಗಿಕ ಭೌತಶಾಸ್ತ್ರದ ಪೀಠ ದೊರೆತದ್ದು 1776ರಲ್ಲಿ, ಸಾಯುವುದಕ್ಕೆ ಎರಡೇ ವರ್ಷ ಮೊದಲು.

'ಕೊಬ್ಬಿದವಳು' ನಮ್ಮಲ್ಲಿ ಬೈಗುಳ, ಅಲ್ಲಿ ಹೊಗಳಿಕೆ. ಹಂದಿಮಾಂಸದ ಮೊರ್ತದೆಲ್ಲಾ, ಮೊಟ್ಟೆ ಬೆರೆಸಿ ನಾದಿದ ಹಿಟ್ಟಿನ ತೊರ್ತೆಲ್ಲೀನಿ, ಇವುಗಳ ಊರು ಅದು.

ಕೆಂಪಿನ ಕಥೆ ಬೇರೆ. ಮೊದಲಿಗೆ ಅದು ಇಟ್ಟಿಗೆ ಗೋಡೆಗಳ, ಹೆಂಚಿನ ಮಾಡುಗಳ ಬಣ್ಣ. ಎರಡನೇ ಮಹಾಯುದ್ಧ ಮುಗಿದ 1945ರಿಂದ ನಗರಾಡಳಿತ ಕಮ್ಯುನಿಸ್ಟರ ಕೈಗೆ ಬಂತು. ದಶಕಗಳ ಕಾಲ ಅವರಲ್ಲೇ ಉಳಿಯಿತು. ಪದ ಬದಲಾಗಲಿಲ್ಲ, ಆದರೆ ಮಾಡಿನ ಕೆಂಪು ಬಾವುಟದ ಕೆಂಪಾಯಿತು. 1980ರ ಆಗಸ್ಟ್ 2ರಂದು ಬೊಲೊನ್ಯಾದ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು 85 ಮಂದಿ ಸತ್ತರು. ಆ ಕೃತ್ಯಕ್ಕೆ ಶಿಕ್ಷೆಯಾದದ್ದು ನವ ಫ್ಯಾಸಿಸ್ಟರಿಗೆ. ಸ್ಫೋಟದ ಗಳಿಗೆ 10.25ನ್ನು ತೋರಿಸುತ್ತ ನಿಂತ ಗಡಿಯಾರವನ್ನು ನಿಲ್ದಾಣದಲ್ಲಿ ನೆನಪಿಗಾಗಿ ಹಾಗೇ ಉಳಿಸಿಕೊಂಡಿದ್ದಾರೆ.

ಕೆಂಪಮ್ಮನ ಗದ್ದುಗೆ ಕೊನೆಗೂ ಅಲುಗಿದ್ದು 1999ರ ಚುನಾವಣೆಯಲ್ಲಿ. ಎಡಪಂಥೀಯರನ್ನು ಸೋಲಿಸಿ ಮೇಯರ್ ಆದವನು ಜೊರ್ಜೊ ಗ್ವಾತ್ಸಲೋಕಾ. ಕಸುಬಿನಿಂದ ಆತ ಮಾಂಸದಂಗಡಿಯವನು. ಕೊಬ್ಬಿದವಳ ಮಗನೇ ಕೆಂಪಮ್ಮನನ್ನು ಇಳಿಸಿದ್ದ. ಐದು ವರ್ಷ ಕಳೆದು, 2004ರಲ್ಲಿ, ಎಡಪಂಥೀಯರೇ ಮರಳಿ ಗೆದ್ದರು.