ಸುಳ್ಯ-ಪುತ್ತೂರು ಸೀಮೆಯಲ್ಲಿ ಶಿಶುಶಿಕ್ಷಕರ ವೃತ್ತಿಧರ್ಮ

ಶಿಶುಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಲೆಗಳ ಸ್ಥಾಪನೆ, ಪಠ್ಯಕ್ರಮ, ಅನುದಾನ ಮೊದಲಾದವನ್ನು ಕುರಿತೇ ವಿಸ್ತರಿಸುತ್ತಾರೆ. ಎಳೆಯ ಮಗುವಿನ ಎದುರು ಕುಳಿತ ಶಿಕ್ಷಕನಿಂದ ಆಯಾ ಕಾಲವು ಎಂತಹ ನಡತೆಯನ್ನು ಬಯಸಿತು, ಆ ನಡತೆಗೆ ಅಂದಿನ ವ್ಯವಸ್ಥೆ ಎಷ್ಟರ ಮಟ್ಟಿಗೆ ಆಸರೆಯಾಯಿತು ಎಂಬ ಪ್ರಶ್ನೆ ಹಿಂದುಳಿದಿದೆ. ಸುಳ್ಯ, ಪುತ್ತೂರು, ಕಡಬಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ವಿಚಾರಿಸಲಾಗಿದೆ.

ಅಮರ ಸುಳ್ಯದ ಮಾಗಣೆಯು ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದು, 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಕೆನರಾ ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಲ್ಲಿನ ಶಾಲೆಗಳು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ಮರಾಟಿ, ಕೊಂಕಣಿ ಇವು ಮನೆಮಾತುಗಳು; ಶಾಲೆಯ ಮಾತು ಕನ್ನಡ. ಆದುದರಿಂದ ಮಗುವಿನ ನುಡಿಯನ್ನು ಅರಿಯುವುದು ಇಲ್ಲಿಯ ಶಿಕ್ಷಕನ ಮೊದಲ ಕರ್ತವ್ಯವೆನಿಸುತ್ತದೆ. ಅಕ್ಷರಾಭ್ಯಾಸ ಅನಂತರದ ಮಾತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರಕಾರವು ಅನುದಾನವನ್ನು ಪರೀಕ್ಷೆಯ ಫಲಿತಾಂಶಕ್ಕೆ ತಗುಲಿಸಿತು. ಇನ್‌ಸ್ಪೆಕ್ಟರರು ಬಂದ ದಿನ ಎಷ್ಟು ಮಕ್ಕಳು ಸರಿಯಾಗಿ ಒಪ್ಪಿಸಿದರೆಂಬುದರ ಮೇಲೆ ಶಾಲೆಯ ಆದಾಯ ನಿಂತಿತು. ಹೀಗೆ ಮಗುವಿನ ನಾಲಗೆಗೆ ಮೇಷ್ಟರ ಅನ್ನವನ್ನು ಕಟ್ಟಿದ ಮೇಲೆ ಬಾಯಿಪಾಠವೂ ಬೆತ್ತವೂ ಮೇಲುಗೈ ಪಡೆದುದರಲ್ಲಿ ಆಶ್ಚರ್ಯವಿಲ್ಲ. ಬೆತ್ತಕ್ಕೆ ಉಪಾಧ್ಯಾಯರ ಕ್ರೌರ್ಯವೇ ಕಾರಣವೆಂದು ಹಳಿಯುವವರು ಈ ಲೆಕ್ಕಾಚಾರವನ್ನು ಮರೆಯುತ್ತಾರೆ.

ಇನ್‌ಸ್ಪೆಕ್ಟರನೆಂದರೆ ಭಯವೆಂಬ ಈ ಪರಂಪರೆಯಲ್ಲಿಯೇ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು (1874-1937) ಅದೇ ಹುದ್ದೆಯನ್ನು ವಹಿಸಿದುದು ಗಮನಾರ್ಹ. ಪರೀಕ್ಷಿಸಬೇಕಾದ ಅಧಿಕಾರಿ ‘ಕವಿಶಿಷ್ಯ’ನೆಂಬ ಹೆಸರಿನಿಂದ ಮಕ್ಕಳಿಗೆ ಹಾಡು ಕಟ್ಟಿದರು, ಕಥೆ ಬರೆದರು. ಅಂಕಿತದಲ್ಲಿಯೇ ಶಿಷ್ಯತ್ವವನ್ನು ಒಪ್ಪಿದ ಈ ವಿನಯವು ಬರಿಯ ಕಾವ್ಯಸಂಪ್ರದಾಯವಲ್ಲವೆಂದು ನಮ್ಮ ಅಭಿಪ್ರಾಯ. ತುಳು ಪಾಡ್ದನಗಳಲ್ಲಿದ್ದ ಕೋಟಿ-ಚೆನ್ನಯರ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಪಡುಮಲೆ, ಎಣ್ಮೂರುಗಳು ಈ ಸೀಮೆಯ ಊರುಗಳೇ. ಮನೆಯಲ್ಲಿ ಕೇಳಿದ ವೀರರನ್ನು ಪುಸ್ತಕದಲ್ಲಿಯೂ ಕಂಡ ಮಗುವಿಗೆ ಶಾಲೆಯ ಭಾಷೆ ಪರಕೀಯವಾಗಿ ಉಳಿಯದು.

ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು. ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು. ಮಕ್ಕಳಿಗಾಗಿ ಬರೆಯಲು ಹೊರಟವನು ಜಗತ್ತನ್ನೇ ಮತ್ತೆ ಕಲಿಯಬೇಕಾಗುತ್ತದೆ. ಕಾರಂತರಿಗೆ ಈ ಮರುಕಲಿಕೆ ಬೇಸರದ ವಿಷಯವಾಗಿರಲಿಲ್ಲ! 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ನೀಡಿದ ಮಾರಿಯಾ ಮಾಂಟೆಸ್ಸೊರಿಯವರು ಸಹ, ಶಿಕ್ಷಕರು ತಮ್ಮೊಳಗಿನ ಕೋಪ ಮತ್ತು ಅಹಂಕಾರಗಳನ್ನು ಮೊದಲು ನೀಗಬೇಕೆಂಬ ಮತದವರು.

ಈ ಆದರ್ಶಗಳೆಲ್ಲ ಕೆಲವು ವ್ಯಕ್ತಿಗಳ ಸ್ವಭಾವಬಲದಿಂದ ನಿಂತವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲಾಗಿ, ಶಿಶುಶಿಕ್ಷಣವು ಊರೂರಿಗೆ ಬಂದಿತು. ಅಂಗನವಾಡಿಯ ಕಾರ್ಯಕರ್ತೆ ಸ್ಥಳೀಯಳೇ ಆಗಿರಬೇಕೆಂಬ ನಿಯಮ ಈ ಬಹುಭಾಷಾ ಸೀಮೆಗೆ ವರವೆನ್ನಬೇಕು. ಅರೆಭಾಷೆಯಲ್ಲಿ ಅಳುವ ಮಗುವನ್ನು ಅರೆಭಾಷೆಯಲ್ಲಿಯೇ ಸಂತೈಸಬಲ್ಲವಳು ಆಕೆ. ಆದರೆ ಪಾಠದ ಜೊತೆಗೆ ಪೂರಕ ಆಹಾರ, ಚುಚ್ಚುಮದ್ದಿನ ನೆರವು, ತೂಕದ ದಾಖಲೆ ಎಲ್ಲವೂ ಅವಳ ಪಾಲಿಗೆ ಬಂದುವು. ಕಡಿಮೆ ತೂಕದ ಮಗುವನ್ನು ಕಡಿಮೆಯೆಂದೇ ಬರೆದರೆ ಮೇಲಿನವರ ಪ್ರಶ್ನೆಗೆ ಉತ್ತರಿಸಬೇಕಾಗಬಹುದು. ತಿದ್ದಿ ಬರೆದರೆ ಮಗುವಿಗೆ ಸಲ್ಲಬೇಕಾದ ಆರೈಕೆ ತಪ್ಪುತ್ತದೆ. ಹಳೆಯ ಫಲಿತಾಂಶ ಪದ್ಧತಿಯ ಇಕ್ಕಟ್ಟೇ ಇಲ್ಲಿ ವೇಷ ಬದಲಿಸಿದೆ. ವೃತ್ತಿಧರ್ಮವು ನಿಜವಾಗಿ ಪರೀಕ್ಷೆಗೊಳಗಾಗುವುದು ಈ ಒಂದು ಅಂಕಿಯನ್ನು ಬರೆಯುವ ಗಳಿಗೆಯಲ್ಲಿ.

ಇಷ್ಟೆಲ್ಲ ಹೊಣೆಯನ್ನು ಹೊತ್ತವಳಿಗೆ ದೊರೆತುದು ಸಂಬಳವಲ್ಲ, ‘ಗೌರವಧನ’. ಕರ್ನಾಟಕ ಸರಕಾರವೇ ಕಕ್ಷಿಯಾಗಿದ್ದ ಮೊಕದ್ದಮೆಯೊಂದರಲ್ಲಿ, ಕಾರ್ಯಕರ್ತೆಯರು ಸರಕಾರಿ ಹುದ್ದೆಯನ್ನು ಹೊಂದಿದವರಲ್ಲವೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ವೃತ್ತಿಯ ಧರ್ಮವನ್ನು ವಿಧಿಸಿ ವೃತ್ತಿಯ ಸ್ಥಾನವನ್ನು ತಡೆಹಿಡಿದಂತಾಯಿತು. ಗುಜರಾತಿನಿಂದ ಬಂದ ಮೊಕದ್ದಮೆಯಲ್ಲಿ, 2022ರ ಏಪ್ರಿಲ್ 25ರಂದು, ಅದೇ ನ್ಯಾಯಾಲಯವು ಅಂಗನವಾಡಿಗಳಲ್ಲಿ ನಡೆಯುವ ಶಾಲಾಪೂರ್ವ ಶಿಕ್ಷಣವನ್ನು ಗಣನೆಗೆ ತೆಗೆದುಕೊಂಡು, ಆ ಗೌರವಧನವನ್ನು ವೇತನವೆಂದೇ ಎಣಿಸಿ, 1972ರ ಕಾಯಿದೆಯ ಮೇರೆಗೆ ಅವರಿಗೆ ಉಪದಾನ ಸಲ್ಲತಕ್ಕದ್ದೆಂದು ನಿರ್ಣಯಿಸಿತು.