ಪುನ್ನಾಟ: ಕಪಿನಿಯ ತೀರದಿಂದ ವರ್ಧಮಾನಪುರಕ್ಕೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರೇ ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾದ ಕೀರ್ತಿಪುರ ಎಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವ ಸಂಗತಿ. ೧೯೭೪ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳೆಯ ಊರಿನ ನೆಲ ಹಿನ್ನೀರಿನಲ್ಲಿ ಮುಳುಗಿತು. ಆದರೆ ಪುನ್ನಾಟವೆಂಬ ಹೆಸರು ಅದಕ್ಕೂ ಸಾವಿರ ವರ್ಷಗಳಿಗೆ ಮೊದಲೇ ತನ್ನ ನೆಲವನ್ನು ಬಿಟ್ಟು ಬಹುದೂರ ಸಾಗಿತ್ತು.

ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿನಿಯ ಈ ಸೀಮೆ ಕಾಡಿಗೂ ಬಯಲಿಗೂ ನಡುವಿನದು. ಪಶ್ಚಿಮ ಕರಾವಳಿಯೊಡನೆಯೂ ಇದಕ್ಕೆ ಸಂಬಂಧವಿತ್ತು. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯು ಚೇರನಾಡಿನ ಒಳನಾಡಿನ ಊರುಗಳ ಪಟ್ಟಿಯಲ್ಲಿ, ಚೇರರ ರಾಜಧಾನಿ ಕರೂರದೊಂದಿಗೆ, ವೈಡೂರ್ಯ ದೊರೆಯುವ 'ಪೌನ್ನಾಟ'ವನ್ನು ಹೆಸರಿಸುತ್ತಾನೆ. ಇದು ಈ ಪುನ್ನಾಟವೇ ಎಂಬುದು ಸಾಮಾನ್ಯವಾದ ಗುರುತು. ಆ ರತ್ನದ ಗ್ರೀಕ್ ಹೆಸರೂ ಪ್ರಾಕೃತದ 'ವೇರುಲಿಯ'ದಿಂದಲೇ ಹೋದದ್ದು.

ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಪುನ್ನಾಟದ ಅರಸರ ಹೆಸರುಗಳು ತಾಮ್ರಶಾಸನಗಳಲ್ಲಿವೆ. ಸ್ಕಂದವರ್ಮನ ಮಗಳು ಗಂಗ ಅವಿನೀತನನ್ನು ವರಿಸಿದಳು. ಅವಳ ಮಗನೇ ದುರ್ವಿನೀತ. ಕವಿರಾಜಮಾರ್ಗ ಹೆಸರಿಸುವ ಗದ್ಯಕಾರ ದುರ್ವಿನೀತ ಇವನೇ ಎಂದಾದರೆ, ಆ ಗದ್ಯಕಾರನ ತಾಯಿಯ ತವರು ಕಪಿನಿಯ ತೀರ. ಅವನ ಕಾಲದಲ್ಲಿ ಪುನ್ನಾಟ ಗಂಗರ ಆಳ್ವಿಕೆಗೆ ಸೇರಿತು.

ರಾಜ್ಯವಳಿದರೂ ಹೆಸರು ಮುನಿಸಂಘವೊಂದರಲ್ಲಿ ಉಳಿಯಿತು. ಪುನ್ನಾಟ ಸಂಘದ ಜಿನಸೇನನು (ಆದಿಪುರಾಣದ ಜಿನಸೇನನಲ್ಲ) ಶಕ ೭೦೫ರಲ್ಲಿ, ಅಂದರೆ ಕ್ರಿ.ಶ. ೭೮೩ರಲ್ಲಿ, 'ಹರಿವಂಶಪುರಾಣ'ವನ್ನು ರಚಿಸಿದ್ದು ವರ್ಧಮಾನಪುರದಲ್ಲಿ. ಅದು ಸೌರಾಷ್ಟ್ರದ ವಢವಾಣ ಎಂದು ಕೆಲವರು, ಮಾಳವದ ಬದನಾವರ ಎಂದು ಕೆಲವರು. ಎರಡರಲ್ಲಿ ಯಾವುದಾದರೂ ಕಪಿನಿಯಿಂದ ಬಹುದೂರವೇ.

ಅದೇ ಸಂಘದ ಹರಿಷೇಣನ 'ಬೃಹತ್ಕಥಾಕೋಶ' ಶಕ ೮೫೩ರ ಕೃತಿ. ಅದರಲ್ಲಿ ಭದ್ರಬಾಹು ಅವಂತಿಯ ಸೀಮೆಯಲ್ಲೇ ಉಳಿದು ದೇಹತ್ಯಾಗ ಮಾಡುತ್ತಾನೆ; ಸಂಘ ಮಾತ್ರ ವಿಶಾಖಾಚಾರ್ಯನೆನಿಸಿದ ಚಂದ್ರಗುಪ್ತನ ನೇತೃತ್ವದಲ್ಲಿ ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಹೋಗುತ್ತದೆ. ಈ ಮಾತನ್ನು ಶ್ರವಣಬೆಳಗೊಳದ ಪರಂಪರೆಗೆ ಹೊಂದಿಸಲೆಂದು ಪುನ್ನಾಟದ ಎಲ್ಲೆಯನ್ನು ಬೆಳಗೊಳದವರೆಗೆ ಹಿಗ್ಗಿಸುವುದುಂಟು. ಅದು ಅನಗತ್ಯ. ಬೆಳಗೊಳದ ಚಿಕ್ಕಬೆಟ್ಟದ ಸುಮಾರು ಕ್ರಿ.ಶ. ೬೦೦ರ ಶಾಸನದಲ್ಲಿ ಕಟವಪ್ರವನ್ನು ಹೆಸರಿಸಿದೆ, ಪುನ್ನಾಟವನ್ನಲ್ಲ. ಹರಿಷೇಣ ಸ್ವತಃ ಪುನ್ನಾಟ ಸಂಘದವನು. ತನ್ನ ಗುರುಪರಂಪರೆಯ ಮೂಲನೆಲವನ್ನೇ ಆ ಮಹಾಯಾತ್ರೆಯ ಗಮ್ಯವಾಗಿಸಿದನೆಂದು ಓದುವುದೇ ಹೆಚ್ಚು ಸಹಜ. ಹಾಗೆ ಓದಿದರೆ ಅದು ಬೆಳಗೊಳಕ್ಕೆ ಸಾಕ್ಷ್ಯವಾಗದಿರಬಹುದು. ಆದರೆ ಹತ್ತನೆಯ ಶತಮಾನದ ಉತ್ತರದ ಒಂದು ಸಂಘಕ್ಕೆ ಕೋಟೆ ಸೀಮೆಯ ನೆನಪು ಇನ್ನೂ ಇತ್ತೆಂಬುದಕ್ಕೆ ಸಾಕ್ಷ್ಯವಾಗುತ್ತದೆ.