ಮೊದಲೇ ಬಂದವನಿಗೆ ಒಂದು ಬಾಗಿಲು, ಆಮೇಲೆ ಬಂದವನಿಗೆ ಇನ್ನೊಂದು

ಕಾಲೇಜು ಅದೇ. ಕೋರ್ಸು ಅದೇ. ಪಾಠ ಮಾಡುವ ಮೇಷ್ಟ್ರುಗಳೂ ಅವರೇ. ಆದರೆ ಅರ್ಜಿ ಹಾಕೋಕೆ ಎರಡು ತಾರೀಖು. ಒಂದು ನವೆಂಬರ್ ಮೊದಲ ವಾರದ ಆಸುಪಾಸು, ಇನ್ನೊಂದು ಜನವರಿ ಮೊದಲ ವಾರದ ಆಸುಪಾಸು. ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ಬಹುಪಾಲು ನಡೆಯೋದು ಹೀಗೆ. ನವೆಂಬರ್‌ನಲ್ಲಿ ಅರ್ಜಿ ಹಾಕಿದವರಿಗೆ ಡಿಸೆಂಬರ್ ಮಧ್ಯದಲ್ಲೇ ಉತ್ತರ. ಜನವರಿಯಲ್ಲಿ ಹಾಕಿದವರು ಮಾರ್ಚ್ ಕೊನೆಯವರೆಗೂ ಉಗುರು ಕಚ್ಚುತ್ತಾ ಕೂರಬೇಕು. ವ್ಯತ್ಯಾಸ ಬರೀ ಎರಡು ತಿಂಗಳದ್ದಾಗಿದ್ದರೆ ಇದರ ಬಗ್ಗೆ ಮಾತಾಡುವ ಅಗತ್ಯವೇ ಇರಲಿಲ್ಲ. ಆ ಎರಡು ತಾರೀಖುಗಳ ನಡುವೆ ದುಡ್ಡಿದೆ, ಪ್ರತಿಷ್ಠೆಯಿದೆ, ಎಪ್ಪತ್ತು ವರ್ಷಗಳ ಇತಿಹಾಸವಿದೆ.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಕನ್ನಡದ ಮನೆಗಳಲ್ಲಿ ಮಗ ಹನ್ನೆರಡನೇ ಕ್ಲಾಸಿಗೆ ಬಂದ ಅಂದರೆ ಸಾಕು, ಇದೇ ಚರ್ಚೆ. ಅರ್ಲಿ ಹಾಕೋಣವಾ, ರೆಗ್ಯುಲರ್ ಹಾಕೋಣವಾ? ಇಲ್ಲಿ ಬೆಂಗಳೂರಿನಿಂದ ಅರ್ಜಿ ಹಾಕುವವರಿಗೂ ಅದೇ ಚಿಂತೆ. ಹಾಗಾಗಿ ಈ ಕಥೆ ದೂರದ್ದು ಅನ್ನಿಸಿದರೂ ಅಷ್ಟೇನೂ ದೂರದ್ದಲ್ಲ.

ಮೊದಲು ವ್ಯವಸ್ಥೆ ಏನು ಅಂತ ಅರ್ಥ ಮಾಡಿಕೊಳ್ಳೋಣ. 'ಅರ್ಲಿ' ಅನ್ನೋದರಲ್ಲೇ ಎರಡು ಜಾತಿ. ಒಂದು ಅರ್ಲಿ ಡಿಸಿಷನ್. ಇದು ಕಟ್ಟಿಹಾಕುವ ಒಪ್ಪಂದ. ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕಬಹುದು. ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಕಡೆ ಹಾಕಿದ ಅರ್ಜಿಗಳನ್ನೆಲ್ಲ ವಾಪಸ್ ಪಡೆಯಬೇಕು. ಹುಡುಗ ಸಹಿ ಹಾಕಬೇಕು, ಅಪ್ಪನೋ ಅಮ್ಮನೋ ಹಾಕಬೇಕು, ಶಾಲೆಯ ಕೌನ್ಸೆಲರ್ ಕೂಡ ಹಾಕಬೇಕು. ಇನ್ನೊಂದು ಅರ್ಲಿ ಆಕ್ಷನ್. ಇಲ್ಲಿ ಉತ್ತರ ಬೇಗ ಬರುತ್ತೆ, ಆದರೆ ಸೇರಲೇಬೇಕು ಅಂತೇನಿಲ್ಲ. ಮೇ 1ರವರೆಗೆ ಯೋಚನೆ ಮಾಡಿ ಹೇಳಬಹುದು. ಒಂದು ನಿಶ್ಚಿತಾರ್ಥ, ಇನ್ನೊಂದು ಬರೀ ಹುಡುಗಿ ನೋಡೋ ಶಾಸ್ತ್ರ ಅಂತಿಟ್ಟುಕೊಳ್ಳಿ.

ಇದು ಶುರುವಾಗಿದ್ದು ಯಾಕೆ? ಎರಡನೇ ಮಹಾಯುದ್ಧಕ್ಕೆ ಮುಂಚೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಿಗೆ ಅರ್ಜಿ ಹಾಕುತ್ತಿದ್ದವರೇ ಕಡಿಮೆ. ಶ್ರೀಮಂತರ ಮಕ್ಕಳು ಓದುವ ಕೆಲವು ಖಾಸಗಿ ಶಾಲೆಗಳು, ಅಲ್ಲಿಂದ ನೇರವಾಗಿ ಈ ಕಾಲೇಜುಗಳು. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನರಿಗೆ ಸೀಟು ಸಿಗುತ್ತಿತ್ತು. 1944ರಲ್ಲಿ ಜಿಐ ಬಿಲ್ ಬಂತು. ಯುದ್ಧ ಮುಗಿಸಿ ಬಂದ ಸೈನಿಕರ ಓದಿನ ಖರ್ಚು ಸರ್ಕಾರದ್ದು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಕಾಲೇಜು ಓದು ಅನ್ನೋದು ಮಧ್ಯಮವರ್ಗದ ಕನಸಾಯ್ತು. ಒಬ್ಬ ಹುಡುಗ ಒಂದು ಕಾಲೇಜಿಗೆ ಅರ್ಜಿ ಹಾಕುವ ಕಾಲ ಹೋಗಿ, ಮೂರು ನಾಲ್ಕು ಕಡೆ ಹಾಕುವ ಕಾಲ ಬಂತು.

ಕಾಲೇಜುಗಳಿಗೆ ತಲೆನೋವು ಶುರುವಾಗಿದ್ದೇ ಇಲ್ಲಿ. ಸೀಟು ಕೊಟ್ಟವರೆಲ್ಲ ಬರ್ತಾರಾ? ಗೊತ್ತಿಲ್ಲ. ಜಾಸ್ತಿ ಜನಕ್ಕೆ ಕೊಟ್ಟರೆ ಹಾಸ್ಟೆಲ್‌ನಲ್ಲಿ ಜಾಗ ಸಾಲೋದಿಲ್ಲ. ಕಡಿಮೆ ಕೊಟ್ಟರೆ ಕ್ಲಾಸು ಖಾಲಿ, ಫೀಸು ಖೋತಾ. ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ಈ ಸಂಕಟ ಹೊಸದಲ್ಲ. ಸಿಕ್ಕ ಸೀಟನ್ನು ಹಿಡಿದುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವವರಿಗಾಗಿಯೇ ನಮ್ಮಲ್ಲಿ ಚಾಯ್ಸ್ 1, ಚಾಯ್ಸ್ 2 ಅಂತೆಲ್ಲ ಮಾಡಿಲ್ಲವೇ? ಆದರೆ ನಮ್ಮಲ್ಲಿ ರ‍್ಯಾಂಕ್ ಪಟ್ಟಿ ಹಿಡಿದು ಸೀಟು ಹಂಚೋಕೆ ಒಂದು ಪ್ರಾಧಿಕಾರ ಇದೆ. ಅಮೆರಿಕದಲ್ಲಿ ಅಂಥದ್ದೇನೂ ಇಲ್ಲ. ಪ್ರತಿ ಕಾಲೇಜೂ ತನ್ನ ಮನೆಗೆ ತಾನೇ ಯಜಮಾನ.

1950ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇದಕ್ಕೊಂದು ಉಪಾಯ ಮಾಡಿಕೊಂಡವು. ತಮ್ಮ ಅಧಿಕಾರಿಗಳನ್ನು ಆಯ್ದ ಕೆಲವು ಶಾಲೆಗಳಿಗೆ ಕಳಿಸಿ ಹುಡುಗರಿಗೆ ಎ, ಬಿ, ಸಿ ಅಂತ ದರ್ಜೆ ಕೊಡಿಸೋದು. ಎ ಅಂದರೆ ಸೀಟು ಹೆಚ್ಚುಕಡಿಮೆ ಖಚಿತ. ಬಿ ಅಂದರೆ ನೋಡೋಣ. ಸಿ ಅಂದರೆ ಬೇರೆ ದಾರಿ ನೋಡ್ಕೊಳ್ಳಪ್ಪಾ. ದೊಡ್ಡವರು ಹೀಗೆ ಮೊದಲೇ ಬುಕ್ ಮಾಡಿಕೊಂಡರೆ ಚಿಕ್ಕವರು ಸುಮ್ಮನಿರ್ತಾರಾ? ಆಮ್ಹರ್ಸ್ಟ್, ವಿಲಿಯಮ್ಸ್‌ನಂಥ ಸಣ್ಣ ಕಾಲೇಜುಗಳು ಅದೇ ದಶಕದಲ್ಲಿ ಅರ್ಲಿ ಡಿಸಿಷನ್ ಶುರು ಮಾಡಿದವು. ನೀನು ಇಲ್ಲಿಗೇ ಬರ್ತೀನಿ ಅಂತ ಮಾತು ಕೊಡು, ನಾವು ಬೇಗ ಉತ್ತರ ಕೊಡ್ತೀವಿ. ದಶಕ ಮುಗಿಯುವ ಹೊತ್ತಿಗೆ 'ಸೆವೆನ್ ಸಿಸ್ಟರ್ಸ್' ಅಂತ ಕರೆಸಿಕೊಳ್ಳುತ್ತಿದ್ದ ಏಳು ಮಹಿಳಾ ಕಾಲೇಜುಗಳೂ ಇದೇ ಹಾದಿ ಹಿಡಿದವು.

ಒಂದು ಮಾತು ಒಪ್ಪಿಕೊಳ್ಳಬೇಕು. ಅವತ್ತಿನ ಮಟ್ಟಿಗೆ ಇದರಲ್ಲಿ ವಿದ್ಯಾರ್ಥಿಗೂ ಲಾಭ ಇತ್ತು. ಎಲ್ಲಿಗೆ ಹೋಗಬೇಕು ಅಂತ ಮನಸ್ಸಲ್ಲಿ ಗಟ್ಟಿಯಾಗಿರೋ ಹುಡುಗಿ ನಾಲ್ಕು ಕಡೆ ಅರ್ಜಿ ಯಾಕೆ ಹಾಕಬೇಕು? ಡಿಸೆಂಬರ್‌ನಲ್ಲೇ ವಿಷಯ ಇತ್ಯರ್ಥವಾದರೆ ಉಳಿದ ವರ್ಷ ನೆಮ್ಮದಿಯಾಗಿ ಓದಬಹುದು. 1970ರ ದಶಕದಲ್ಲಿ ದೊಡ್ಡ ಕಾಲೇಜುಗಳು ಎ-ಬಿ-ಸಿ ಪದ್ಧತಿ ಕೈಬಿಟ್ಟು ಅರ್ಲಿ ಆಕ್ಷನ್ ತಂದವು. ಆಯ್ದ ಶಾಲೆಗಳಿಗಷ್ಟೇ ಸಿಗುತ್ತಿದ್ದ ಸವಲತ್ತು ಕನಿಷ್ಠ ಕಾಗದದ ಮೇಲಾದರೂ ಎಲ್ಲರಿಗೂ ಸಿಕ್ಕಿತು.

ಹಾಗಾದರೆ ಕೆಟ್ಟಿದ್ದು ಯಾವಾಗ? 1983ರಲ್ಲಿ ಯುಎಸ್ ನ್ಯೂಸ್ ಪತ್ರಿಕೆ ಕಾಲೇಜುಗಳಿಗೆ ರ‍್ಯಾಂಕ್ ಕೊಡೋಕೆ ಶುರು ಮಾಡಿತು. ಮುಂದೆ ಆ ಲೆಕ್ಕದೊಳಗೆ ಎರಡು ಅಂಕಿ ಸೇರಿಕೊಂಡವು. ಅರ್ಜಿ ಹಾಕಿದವರಲ್ಲಿ ಎಷ್ಟು ಜನಕ್ಕೆ ಸೀಟು ಕೊಟ್ಟಿರಿ? ಸೀಟು ಕೊಟ್ಟವರಲ್ಲಿ ಎಷ್ಟು ಜನ ಬಂದು ಸೇರಿದರು? ಎರಡನೆಯದನ್ನು 'ಯೀಲ್ಡ್' ಅಂತಾರೆ. ಎಷ್ಟು ಹೆಚ್ಚು ಜನರನ್ನು ತಿರಸ್ಕರಿಸ್ತೀರೋ ಅಷ್ಟು ದೊಡ್ಡ ಕಾಲೇಜು!

ಲೆಕ್ಕ ಹಾಕಿ ನೋಡಿ. ಒಂದು ಕಾಲೇಜು ಅಂತ ಇಟ್ಟುಕೊಳ್ಳಿ. 1,000 ಸೀಟು, 10,000 ಅರ್ಜಿ. ಸೀಟು ಕೊಟ್ಟ 100 ಜನರಲ್ಲಿ 40 ಜನ ಮಾತ್ರ ಬರ್ತಾರೆ. ಅಂದರೆ ಕ್ಲಾಸು ತುಂಬಬೇಕಾದರೆ 2,500 ಜನಕ್ಕೆ ಸೀಟು ಕೊಡಬೇಕು. ಪ್ರವೇಶದ ಪ್ರಮಾಣ ಶೇ 25. ಈಗ ಅದೇ ಕಾಲೇಜು ಅರ್ಧ ಸೀಟುಗಳನ್ನು, ಅಂದರೆ 500 ಸೀಟುಗಳನ್ನು ಅರ್ಲಿ ಡಿಸಿಷನ್‌ನಲ್ಲೇ ತುಂಬಿತು ಅನ್ನಿ. ಅವರೆಲ್ಲ ಬಂದೇ ಬರ್ತಾರೆ, ಸಹಿ ಹಾಕಿದ್ದಾರಲ್ಲ! ಉಳಿದ 500 ಸೀಟಿಗೆ 1,250 ಜನಕ್ಕೆ ಕೊಟ್ಟರೆ ಸಾಕು. ಒಟ್ಟು 1,750. ಪ್ರವೇಶದ ಪ್ರಮಾಣ ಶೇ 17.5ಕ್ಕೆ ಇಳಿಯಿತು, ಯೀಲ್ಡ್ ಶೇ 57ಕ್ಕೆ ಏರಿತು. ಒಬ್ಬ ಹೊಸ ಪ್ರೊಫೆಸರ್ ಬಂದಿಲ್ಲ, ಲೈಬ್ರರಿಗೆ ಒಂದು ಪುಸ್ತಕ ಸೇರಿಲ್ಲ. ಆದರೂ ಕಾಲೇಜು 'ಮೇಲಕ್ಕೆ' ಹೋಯ್ತು.

1990ರ ದಶಕದ ಮಧ್ಯದಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಅರ್ಲಿ ಆಕ್ಷನ್ ಬಿಟ್ಟು ಕಟ್ಟಿಹಾಕುವ ಅರ್ಲಿ ಡಿಸಿಷನ್‌ಗೆ ಬಂದವು. ಸ್ಟ್ಯಾನ್‌ಫರ್ಡ್ ಕೂಡ ಅದೇ ಹೊತ್ತಿಗೆ ಶುರು ಮಾಡಿತು. ದೊಡ್ಡವರೇ ಇಳಿದ ಮೇಲೆ ಉಳಿದವರು ಬಿಡ್ತಾರಾ? 2001ರಲ್ಲಿ ಪತ್ರಕರ್ತ ಜೇಮ್ಸ್ ಫಾಲೋಸ್ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಈ ಇಡೀ ದಂಧೆಯನ್ನು ಬಿಚ್ಚಿಟ್ಟರು. 2003ರಲ್ಲಿ ಕ್ರಿಸ್ಟೋಫರ್ ಏವರಿ, ಆಂಡ್ರ್ಯೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು ಒಂದು ಪುಸ್ತಕ ಬರೆದರು. 14 ಪ್ರತಿಷ್ಠಿತ ಕಾಲೇಜುಗಳ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಜಾಲಾಡಿ ಅವರು ಕಂಡುಕೊಂಡಿದ್ದು ಇಷ್ಟು: ಮೊದಲೇ ಅರ್ಜಿ ಹಾಕೋದು ಅಂದರೆ 1,600 ಅಂಕಗಳ ಎಸ್ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಜಾಸ್ತಿ ತೆಗೆದಷ್ಟು ಲಾಭ. ಓದಿ ತೆಗೆದ ಅಂಕ ಅಲ್ಲ ಇದು, ಕ್ಯಾಲೆಂಡರ್ ಕೊಟ್ಟ ಅಂಕ.

ಎಲ್ಲರೂ ಮೊದಲೇ ಹಾಕಬಹುದಲ್ಲ, ಬೇಡ ಅಂದವರಾರು ಅಂತ ಕೇಳಬಹುದು. ಇಲ್ಲೇ ಇರೋದು ಅಸಲಿ ವಿಷಯ. ಅಮೆರಿಕದ ಕಾಲೇಜುಗಳಲ್ಲಿ ಬೋರ್ಡ್ ಮೇಲೆ ಬರೆದ ಫೀಸು ಬೇರೆ, ಪ್ರತಿ ಮನೆಯವರು ಕಟ್ಟುವ ಫೀಸು ಬೇರೆ. ಒಂದು ಕಾಲೇಜು ಜಾಸ್ತಿ ನೆರವು ಕೊಡಬಹುದು, ಇನ್ನೊಂದು ಕಡಿಮೆ ಕೊಡಬಹುದು. ರೆಗ್ಯುಲರ್‌ನಲ್ಲಿ ಬಂದವನ ಕೈಯಲ್ಲಿ ಏಪ್ರಿಲ್‌ಗೆ ಮೂರು ನಾಲ್ಕು ಪತ್ರ ಇರುತ್ತವೆ. ಟೇಬಲ್ ಮೇಲೆ ಹರಡಿ ಹೋಲಿಸಿ ನೋಡಬಹುದು. ಅರ್ಲಿ ಡಿಸಿಷನ್‌ನಲ್ಲಿ ಸಹಿ ಹಾಕಿದವನ ಕೈಯಲ್ಲಿ ಒಂದೇ ಪತ್ರ. ನೆರವು ಸಾಲದಿದ್ದರೆ ಒಪ್ಪಂದದಿಂದ ಹೊರಬರೋಕೆ ಅವಕಾಶ ಇದೆ, ನಿಜ. ಆದರೆ ಬೇರೆಯವರು ಎಷ್ಟು ಕೊಡುತ್ತಿದ್ದರು ಅಂತ ಗೊತ್ತಾಗೋದೇ ಇಲ್ಲ. ಹಣದ ಚಿಂತೆ ಇಲ್ಲದವನು ಕಣ್ಣು ಮುಚ್ಚಿ ಸಹಿ ಹಾಕ್ತಾನೆ. ಟ್ಯಾಕ್ಸಿ ಓಡಿಸುವ ಅಪ್ಪನ ಮಗ ಹಿಂದೆ ಮುಂದೆ ನೋಡ್ತಾನೆ. ಆ ಹಿಂಜರಿಕೆಗೇ ದಂಡ ಬೀಳೋದು.

ಇದು ಕಾಲೇಜಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 2001ರ ಡಿಸೆಂಬರ್‌ನಲ್ಲಿ ಯೇಲ್‌ನ ಅಧ್ಯಕ್ಷ ರಿಚರ್ಡ್ ಲೆವಿನ್ ಬಹಿರಂಗವಾಗಿಯೇ ಅರ್ಲಿ ಡಿಸಿಷನ್ ವಿರುದ್ಧ ಮಾತಾಡಿದರು. ಆದರೆ ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಒಬ್ಬರೇ ಬಿಟ್ಟರೆ ಒಳ್ಳೆಯ ವಿದ್ಯಾರ್ಥಿಗಳನ್ನು ಪಕ್ಕದವರು ಹಾರಿಸಿಕೊಂಡು ಹೋಗ್ತಾರೆ. ಎಲ್ಲರೂ ಸೇರಿ ಬಿಡೋಣ ಅಂದರೆ ಕಾನೂನು ಅಡ್ಡ ಬರುತ್ತೆ. 1991ರಲ್ಲಿ ಐವಿ ಲೀಗ್ ಕಾಲೇಜುಗಳು ಹಣಕಾಸು ನೆರವಿನ ಮಾಹಿತಿ ಹಂಚಿಕೊಂಡು ಮೊತ್ತ ನಿಗದಿ ಮಾಡುತ್ತಿದ್ದವು ಅಂತ ಸರ್ಕಾರವೇ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಕೇಸು ಹಾಕಿತ್ತು. ಆ ಪೆಟ್ಟು ತಿಂದವರು ಮತ್ತೆ ಒಂದೇ ಕೋಣೆಯಲ್ಲಿ ಕೂತು ಒಪ್ಪಂದ ಮಾಡಿಕೊಳ್ಳೋ ಧೈರ್ಯ ಎಲ್ಲಿಂದ ಬರಬೇಕು? ಯೇಲ್ ಮತ್ತು ಸ್ಟ್ಯಾನ್‌ಫರ್ಡ್ 2002ರಲ್ಲಿ ಅರ್ಧ ಹೆಜ್ಜೆ ಹಿಂದಿಟ್ಟವು. ಕಟ್ಟಿಹಾಕುವ ಒಪ್ಪಂದ ಬಿಟ್ಟವು, ಆದರೆ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕಬಾರದು ಅನ್ನೋ ಷರತ್ತು ಇಟ್ಟುಕೊಂಡವು.

2006ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್ ದೊಡ್ಡ ಹೆಜ್ಜೆ ಇಟ್ಟಿತು. ಅರ್ಲಿ ಸುತ್ತನ್ನೇ ರದ್ದು ಮಾಡ್ತೀವಿ ಅಂತ ಘೋಷಿಸಿತು. ಅನುಕೂಲಸ್ಥರಿಗೇ ಇದು ಇನ್ನಷ್ಟು ಅನುಕೂಲ ಮಾಡಿಕೊಡುತ್ತಿದೆ ಅನ್ನೋದು ಆಗಿನ ಹಂಗಾಮಿ ಅಧ್ಯಕ್ಷ ಡೆರೆಕ್ ಬಾಕ್ ಅವರ ವಾದ. ತಿಂಗಳೊಳಗೆ ಪ್ರಿನ್ಸ್‌ಟನ್ ಬಂತು, ವರ್ಜೀನಿಯಾ ವಿಶ್ವವಿದ್ಯಾಲಯ ಬಂತು. ಇನ್ನೇನು ಎಲ್ಲರೂ ಬರ್ತಾರೆ ಅಂತ ಕಾದರು. ಯೇಲ್ ಬರಲಿಲ್ಲ, ಸ್ಟ್ಯಾನ್‌ಫರ್ಡ್ ಬರಲಿಲ್ಲ, ಪೆನ್ಸಿಲ್ವೇನಿಯಾ ಬರಲಿಲ್ಲ. 2011ರ ಫೆಬ್ರುವರಿಯಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಒಂದೇ ದಿನ ಅರ್ಲಿ ಸುತ್ತಿಗೆ ಮರಳುವ ಘೋಷಣೆ ಮಾಡಿದವು. ಕಟ್ಟಿಹಾಕದ ಮಾದರಿಯಲ್ಲಿ ಅನ್ನೋದಷ್ಟೇ ಸಮಾಧಾನ. ಹಾರ್ವರ್ಡ್‌ಗೇ ದಕ್ಕದ ಸುಧಾರಣೆ ಇನ್ಯಾರಿಗೆ ದಕ್ಕೀತು?

ಬೇರೆ ದಾರಿಯೇ ಇಲ್ಲ ಅಂತಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಅರ್ಲಿ ಸುತ್ತೇ ಇಲ್ಲ. ಎಲ್ಲರಿಗೂ ನವೆಂಬರ್ ಕೊನೆಯ ಹೊತ್ತಿಗೆ ಒಂದೇ ಗಡುವು. ಎಂಐಟಿಯಲ್ಲಿ ಅರ್ಲಿ ಇದೆ, ಸೇರಲೇಬೇಕೆಂಬ ಕಟ್ಟಿಲ್ಲ. ಯಾರೂ ಇವುಗಳನ್ನು ಸಣ್ಣ ಕಾಲೇಜು ಅನ್ನೋದಿಲ್ಲ.

ನಮ್ಮ ಪೋಷಕರಿಗೆ ಹೇಳಬೇಕಾದ್ದು ಸ್ವಲ್ಪವೇ. ಕಟ್ಟಿಹಾಕದ ಅರ್ಲಿ ಆಕ್ಷನ್‌ನಲ್ಲಿ ಕಳೆದುಕೊಳ್ಳೋದು ಕಡಿಮೆ, ಅರ್ಜಿ ತಯಾರಿದ್ದರೆ ಹಾಕಿ. ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮುನ್ನ ಆ ಕಾಲೇಜಿನ ಖರ್ಚು ನಾಲ್ಕು ವರ್ಷಕ್ಕೆ ಎಷ್ಟಾಗುತ್ತೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಬೆಂಗಳೂರಿನಿಂದ ಹಾಕುವವರಂತೂ ಇನ್ನೂ ಹುಷಾರಾಗಿರಬೇಕು. ವಿದೇಶಿ ವಿದ್ಯಾರ್ಥಿ ನೆರವು ಕೇಳಿದರೆ ಅದನ್ನೂ ನೋಡಿಯೇ ಸೀಟು ನಿರ್ಧರಿಸುವ ಕಾಲೇಜುಗಳೇ ಅಲ್ಲಿ ಹೆಚ್ಚು. ಮೂರನೇ ಕಾಲೇಜಿಗೆ ಹೋದರೂ ಆಗುತ್ತೆ, ಆದರೆ ಸಾಲದ ಕಂತು ಕಟ್ಟೋದು ನೀವೇ.

ತಾರೀಖು ಅನ್ನೋದು ನೋಡೋಕೆ ಬಹಳ ನಿಷ್ಪಕ್ಷಪಾತ. ಅದಕ್ಕೆ ಜಾತಿ ಗೊತ್ತಿಲ್ಲ, ಅಪ್ಪನ ಸಂಬಳ ಗೊತ್ತಿಲ್ಲ. ಆದರೆ ಆ ತಾರೀಖಿನೊಳಗೆ ಯಾರು ಧೈರ್ಯವಾಗಿ ಬಂದು ನಿಲ್ಲಬಲ್ಲರು ಅನ್ನೋದನ್ನು ನಿರ್ಧರಿಸೋದು ಮನೆಯ ಬ್ಯಾಂಕ್ ಪಾಸ್‌ಬುಕ್. ಅಮೆರಿಕದಲ್ಲಾಗಲಿ ಇಲ್ಲಾಗಲಿ, ನಿಯಮ ಎಲ್ಲರಿಗೂ ಒಂದೇ ಅಂತ ಯಾರಾದರೂ ಹೇಳಿದಾಗ ಇನ್ನೊಂದು ಪ್ರಶ್ನೆ ಕೇಳಿ: ಆ ನಿಯಮ ಪಾಲಿಸೋಕೆ ಬೇಕಾದ ಶಕ್ತಿ ಎಲ್ಲರಿಗೂ ಇದೆಯಾ?